ಎಂಬತ್ತೈದು

ಮೂರನೇ ಕೋಣೆಯಲ್ಲಿ ಎಂಬತ್ತೈದು ಡಿಗ್ರಿ
ಅನ್ನುತ್ತಿದೆ ಬೋರ್ಡು, ಒಂಬತ್ತು ದಿನದಿಂದ.
ಬಾಯಿ ತೆರೆದರೆ ಹೊಗೆ ಬರುತ್ತಿದೆ ನನಗೆ.

ಜವರಯ್ಯ ಬಾಗಿಲಿಗೊರಗಿ ನಗುತ್ತಾನೆ:
"ಎಂಬತ್ತೈದು ಅಂದ್ರೆ ಗೆಡ್ಡೆಯೆಲ್ಲ ಬೆಂದು
ಪಲ್ಯ ಆಗಿರ್ಬೇಕಿತ್ತಲ್ಲವ್ವ ತಸ್ಲೀಮಾ."
ಗೋಣಿಗಳು ಸುಮ್ಮನಿವೆ. ಜಲಂಧರದ ಬಿತ್ತನೆ,
ಸೂರಿನ ತನಕ ಪೇರಿಸಿದ್ದು.
ಮೇ ಬರುವ ತನಕ ಕಣ್ಣು ಬಿಡಬಾರದು ಅವು.

ಇಸ್ಪೀಟಿನ ಎಲೆಯಷ್ಟಗಲದ ಕಂಪ್ಯೂಟರು
ನಾನೇ ಕೂರಿಸಿದ್ದು.
ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ
ಮಿಕ್ಸಿ, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವವಳಿಗೆ
"ಇದನ್ನೂ ಮಾಡ್ತೀಯೇನಮ್ಮ" ಅಂದಿದ್ದರು ಚಿಕ್ಕಬೋರಣ್ಣ.
ಮಾಡ್ತೀನಿ ಅಂದಿದ್ದೆ. ಆಮೇಲೆ ಕಲಿತೆ.

ಎಂಬತ್ತೈದು ಪೂರ್ತಿ ಸುಳ್ಳಲ್ಲ.
ಸೆನ್ಸರು ಎಚ್ಚರಾದ ಕ್ಷಣ, ಏನನ್ನೂ ಅಳೆಯುವ ಮೊದಲು
ಅದರ ಬಾಯಲ್ಲಿರುವ ಅಂಕಿ ಅದು.
ಹಾಜರಿ ಕೂಗಿದಾಗ ಎದ್ದು "ಎಸ್ ಮಿಸ್" ಅಂದು
ಮನೆಲೆಕ್ಕ ಕೇಳಿದರೆ ಪಿಳಿಪಿಳಿ ನೋಡುವ ಹುಡುಗನ ಹಾಗೆ.
ಅಂದರೆ ಇದೆ. ಸತ್ತಿಲ್ಲ. ಕರೆದರೆ ಓಗೊಡುತ್ತದೆ.
ಅಳತೆ ಮಾತ್ರ ಮಾಡಿಲ್ಲ.

ಮೊದಲು ಪ್ರೋಗ್ರಾಮನ್ನು ಅನುಮಾನಿಸಿದೆ,
ಸರಿಯಿದ್ದ ಒಂದೆರಡು ಸಾಲನ್ನೂ ಕೆಡಿಸಿದೆ.
ಆಮೇಲೆ ರೆಸಿಸ್ಟರು: ಹಳದಿ, ನೇರಳೆ, ಕೆಂಪು,
ಬಳೆ ತೊಟ್ಟ ಕೈಯಂತೆ ನೆಟ್ಟಗೇ ಇತ್ತು.
ಆಮೇಲೆ ಸೆನ್ಸರನ್ನೇ ಬೈದು ಹೊಸದು ಹಾಕಿದೆ.
ಹೊಸದೂ ಎಂಬತ್ತೈದು.

ವೈರನ್ನೆಲ್ಲ ಸುತ್ತಿಕೊಂಡು ಆಫೀಸಿಗೆ ತಂದು
ಲೆಕ್ಕದ ಪುಸ್ತಕಗಳ ನಡುವೆ ಹರಡಿ ಹಚ್ಚಿದೆ:
ಇಪ್ಪತ್ತೇಳೂವರೆ. ಜಾಣಮರಿ!
ಒಳಗೊಯ್ದು ತೂಗುಹಾಕಿ ಕಾಲು ಗಂಟೆ ಕಾದೆ:
ಎಂಬತ್ತೈದು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ.
ಮೀಟರು ಹಿಡಿದು ಹೊರಟೆ,
ಗೋಣಿಗಳ ಸಂದಿಯಲ್ಲಿ ಅಡ್ಡಡ್ಡ ನುಸುಳುತ್ತ.
ಬೋರ್ಡಿನ ಹತ್ತಿರ ಮೂರು ಪಾಯಿಂಟ್ ಮೂರು ವೋಲ್ಟು,
ಕಂಬದ ಹತ್ತಿರವೂ ಅಷ್ಟೇ,
ಕಂಬ ದಾಟಿ ನಾಲ್ಕು ಗೇಣಿಗೆ ಎರಡು ಚಿಲ್ಲರೆ.
ಬೆರಳು ಮರಗಟ್ಟಿ ಮೀಟರಿನ ಕಡ್ಡಿ ಜಾರುತ್ತಿತ್ತು.
ಜವರಯ್ಯ ಟಾರ್ಚು ಹಿಡಿದ, ಏನನ್ನೂ ಕೇಳಲಿಲ್ಲ.

ಕಪ್ಪು ಟೇಪು ಬಿಚ್ಚಿದೆ.
ಕೆಂಪು ವೈರಿನ ಬೆಸುಗೆ, ಬೂದಿ ಬಣ್ಣದ ಉಂಡೆ,
ಹೊಳಪಿಲ್ಲ, ಉಗುರಿನಲ್ಲಿ ಒತ್ತಿದರೆ ಅಲುಗುತ್ತದೆ.
ಕೋಲ್ಡ್ ಜಾಯಿಂಟು ಅನ್ನುತ್ತೇವೆ ಅಂಗಡಿಯಲ್ಲಿ.
ಗಿರಾಕಿಗೆ ತೋರಿಸಿ
"ಯಾವ ಪುಣ್ಯಾತ್ಮ ಮಾಡಿದ್ದು ಇದನ್ನ" ಅಂತ ನಗುತ್ತೇವೆ.

ಶಿವರಾತ್ರಿ ಕಳೆದ ವಾರ. ಲೋಡು ಬಂದು ನಿಂತಿತ್ತು,
ಡ್ರೈವರು ಒಂದೇ ಸಮ ಹಾರನ್ನು ಹೊಡೆಯುತ್ತಿದ್ದ,
ಕಾವು ಹತ್ತುವ ಮೊದಲೇ ಸೀಸ ಇಟ್ಟು ಟೇಪು ಸುತ್ತಿದ್ದು
ಇದೇ ಕೈ.
ಬೆಚ್ಚಗಿದ್ದಾಗ ಕೂಡಿಕೊಳ್ಳುತ್ತಿತ್ತು. ಚಳಿಗೆ ಮುದುಡಿ
ಕೂದಲೆಳೆಯಷ್ಟು ಬಿಡುತ್ತಿತ್ತು.
ಹೆಸರು ಹೇಳುವಷ್ಟು ಕರೆಂಟು ದಾಟುತ್ತಿತ್ತು,
ಕೆಲಸ ಮಾಡುವಷ್ಟಲ್ಲ.

ಹೊರಗೆ ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತು
ಸೀಸ ತಾನಾಗಿ ಹರಿಯುವ ತನಕ ಉಸಿರು ಬಿಗಿಹಿಡಿದೆ.

ಮೂರು ಪಾಯಿಂಟ್ ನಾಲ್ಕು.
ಜವರಯ್ಯ ಗೋಣಿಯೊಳಗೆ ಕೈ ತೂರಿಸಿ "ನಾಕಿರ್ಬೇಕು" ಅಂದ.
ವಾದಿಸಲಿಲ್ಲ ನಾನು. ಅರ್ಧ ಡಿಗ್ರಿ ಆಚೀಚೆ ಎಂದು
ಸೆನ್ಸರಿನ ಕಾಗದದಲ್ಲೇ ಬರೆದಿದೆ.

"ಆ ಒಂಬತ್ತು ದಿನ ಅಳಿಸಿ ಮೂರೂವರೆ ಅಂತ ತುಂಬ್ಬಿಡಮ್ಮ,
ಬಿತ್ತನೆ ಒಯ್ಯೋರು ನೋಡಿದ್ರೆ ಗಾಬರಿ ಬೀಳ್ತಾರೆ"
ಅಂದರು ಚಿಕ್ಕಬೋರಣ್ಣ, ಟೀ ತರಿಸಿಕೊಟ್ಟು.

ಟೀ ಕುಡಿದೆ. ತುಂಬಲಿಲ್ಲ.
ಗ್ರಾಫಿನಲ್ಲಿ ಈಗಲೂ ಇದೆ
ಒಂಬತ್ತು ದಿನದ ಗೋಡೆ, ಚಪ್ಪಟೆ ನೆತ್ತಿ,
ಬುಡದಲ್ಲಿ ನಾನು ಬರೆದಿಟ್ಟ ಟಿಪ್ಪಣಿ:
ಇಲ್ಲಿ ಯಾರೂ ಅಳೆದಿಲ್ಲ. ಬೆಸುಗೆ ನನ್ನದು.