ತ ಥ ದ ಧ ನ

ಹೆಸರಲ್ಲೇ ಬಾಯಿ ಇಟ್ಟುಕೊಂಡ ಊರು ನಮ್ಮದು, ಬಾಯಾರು.
ಆದರೂ ಉಪ್ಪಳದಿಂದ ಹಲ್ಲಿನ ಡಾಕ್ಟರು ಬಂದ ದಿನ
ಒಂದನೇ ಕ್ಲಾಸಿನ ಹತ್ತೊಂಬತ್ತು ಬಾಯಿಗಳೂ
ಬೀಗ ಜಡಿದುಕೊಂಡು ಕೂತವು.

ಡಾಕ್ಟರ ಹೆಸರು ಸಫೂರಾ.
ಗಂಜಿ ಬಡಿಸುವ ಬೆಂಚಿಗೆ ಬಿಳಿ ಬಟ್ಟೆ ಹಾಸಿ
ಪುಟಾಣಿ ಕನ್ನಡಿಗಳನ್ನು ಸಾಲಾಗಿ ಮಲಗಿಸಿದರು.
"ಪೇಡಿಕ್ಕೇಂಡ" ಅಂದರು. ಮತ್ತೆ ತುಳುವಿನಲ್ಲಿ "ಪೋಡ್ಯೊಡ್ಚಿ".
ಕೊನೆಗೆ ತಡವರಿಸುತ್ತ, "ಹೆದರ್ಬೇಡಿ ಮಕ್ಕಳೇ".
ಮೂರು ಭಾಷೆಯ ಧೈರ್ಯವೂ ಸಾಲದೆ
ನಿಧೀಶ ಮೇಜಿನಡಿ ಹೋಗಿ ಕೂತ.

ಅವನ ಮುಂದಿನ ಹಲ್ಲೆರಡು ಬಿದ್ದು ತಿಂಗಳಾಯಿತು,
ಸಗಣಿಯುಂಡೆಯಲ್ಲಿಟ್ಟು ಮಾಡಿಗೆ ಎಸೆದೂ ಆಯಿತು.
ಅಲ್ಲಿಂದೀಚೆ ಅವನ ದನ ಗಾಳಿಯಲ್ಲಿ ಮೇಯುತ್ತದೆ,
ಅವನ ದೋಣಿ ತುಟಿಯ ದಡದಲ್ಲೇ ಮುಳುಗುತ್ತದೆ.
ನಾನೇ ಕಲಿಸಿದ್ದು, ಬೋರ್ಡಿಗೆ ಕೋಲು ತಾಗಿಸಿ:
ನಾಲಿಗೆಯ ತುದಿ ಹಲ್ಲಿನ ಬೆನ್ನು ಮುಟ್ಟಬೇಕು,
ತ ಥ ದ ಧ ನ.
ದಂತ್ಯ ಅಂದರೆ ಹಲ್ಲಿನ ಮನೆಯ ಮಕ್ಕಳು.
ಮನೆ ಬಿದ್ದರೆ ಅಕ್ಷರಗಳು ಎಲ್ಲಿ ಮಲಗಬೇಕು?

ಇಷ್ಟೆಲ್ಲ ಹೇಳುವ ನಾನು
ಹನ್ನೊಂದು ವರ್ಷದಿಂದ ಯಾರಿಗೂ ಬಾಯಿ ತೋರಿಸಿಲ್ಲ.

"ಟೀಚರ್ ಫಸ್ಟ್!"
ಮೇಜಿನಡಿಯಿಂದ ಬಂತು ದನಿ.

ಕೂತೆ. ದಿನವಿಡೀ ಬಾಯಿ ಬಡಿದುಕೊಳ್ಳುವವಳು
ಬಾಯಿ ತೆರೆದೂ ಮಾತಿಲ್ಲದೆ ಕೂತದ್ದು ಅದೇ ಮೊದಲು.
ಹೆಂಚಿನ ನಡುವಿನ ಗಾಜಿನಿಂದ ಬಿಸಿಲು ನೇರ ಗಂಟಲಿಗೆ.
ಎ.ಇ.ಓ. ತನಿಖೆಗೆ ಬಂದಂತೆ ಕನ್ನಡಿ
ಮೂಲೆ ಮೂಲೆಗೂ ಹೋಗಿ ಇಣುಕಿತು.
ತನಿಖೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು
ತಿಂಗಳ ಟೀಚಿಂಗ್ ಮ್ಯಾನ್ಯುವಲ್ ಬರೆದು ಮುಗಿಸಿದವರುಂಟು;
ನಾನೂ ಆ ಬೆಳಗ್ಗೆ ಒಸಡಲ್ಲಿ ರಕ್ತ ಬರುವಷ್ಟು ಉಜ್ಜಿದ್ದೆ.
ಹಲ್ಲು ಮಾತ್ರ ಹಳೆಯ ತಾರೀಕನ್ನೇ ತೋರಿಸಿತು.

"ನೋವುಂಟಾ ಟೀಚರೇ?"
ಇಲ್ಲ ಎಂದು ತಲೆಯಾಡಿಸಿದೆ, ಹೆಮ್ಮೆಯಿಂದ.
"ಹಾಗಾದ್ರೆ ಬಂದದ್ದು ಒಳ್ಳೇದಾಯ್ತು.
ಇದು ಈಗ ಸಾಸಿವೆಯಷ್ಟು. ಚೂರು ಸಿಮೆಂಟು ಸಾಕು.
ಬಿಟ್ಟರೆ ಬೇರು ಕೇಳ್ತದೆ, ಮತ್ತೆ ಹಲ್ಲನ್ನೇ."
ನೋವು ಎಂಬ ಹುಡುಗ ಯಾವತ್ತೂ ತಡ.
ಅವನು ಓಡಿ ಬಂದು ಬಾಗಿಲಲ್ಲಿ ನಿಲ್ಲುವಾಗ
ಹಾಜರಿ ಕರೆದು ಮುಗಿದಿರುತ್ತದೆ.
ಎಡ ದವಡೆಯ ಖಾಲಿ ಜಾಗದಲ್ಲಿ ನಾಲಿಗೆ ಆಡಿಸಿದೆ:
ಹನ್ನೊಂದು ವರ್ಷದ ಹಿಂದೆ ಕಾಸರಗೋಡಿನಲ್ಲಿ ಬಿಟ್ಟು ಬಂದದ್ದು.
ಚಕ್ಕುಲಿಗೆ ಆ ಕಡೆ ರಸ್ತೆಯೇ ಇಲ್ಲ.

ಅಷ್ಟರಲ್ಲಿ ಹತ್ತೊಂಬತ್ತು ತಲೆಗಳು ನನ್ನ ಮೇಲೆ ಬಗ್ಗಿದ್ದವು.
"ಅಯ್ಯೋ, ಟೀಚರ ಬಾಯಲ್ಲೂ ಕರಿ ಬೋರ್ಡುಂಟು!"
ಹಿಬಾ ಕೂಗಿದಳು.
ಯಾರೂ ನಗಲಿಲ್ಲ. ನಕ್ಕವಳು ನಾನೇ,
ಬಾಯೊಳಗೆ ಕನ್ನಡಿ ಇದ್ದುದರಿಂದ ಅರ್ಧ.

ಆಮೇಲೆ ಬೀಗಗಳು ಒಂದೊಂದಾಗಿ ತೆರೆದವು.
ನಿಧೀಶ ಕೊನೆಗೆ ಬಂದ, ಕಣ್ಣು ಗಟ್ಟಿ ಮುಚ್ಚಿ.
ಡಾಕ್ಟರು ನನ್ನನ್ನೂ ಕರೆದು ತೋರಿಸಿದರು:
ಕೆಂಪು ಒಸಡು ಸೀಳಿಕೊಂಡು
ಬೆಳ್ತಿಗೆ ಅಕ್ಕಿಯ ತುದಿಯಷ್ಟು ಬಿಳಿ.
ಮಾಡಿಗೆ ಎಸೆದದ್ದು ಒಂದೇ ಸಲ ವಾಪಸು ಬರುವುದು, ಮಗಾ.
ಎರಡನೇ ಸಲ ಎಸೆದರೆ
ಆ ಮಾಡು ಕೊಟ್ಟದ್ದನ್ನು ಇಟ್ಟುಕೊಳ್ಳುತ್ತದೆ.

ಹಾಜರಿ ಪುಸ್ತಕದ ಕೊನೆಯ ಹಾಳೆಯಲ್ಲಿ
ಈಗ ನನ್ನ ಹೆಸರೂ ಉಂಟು. ಜೂನ್. ಡಿಸೆಂಬರ್.
ಶನಿವಾರ ಹತ್ತೂಕಾಲರ ಬಸ್ಸು, ಪೈವಳಿಕೆ, ಕೈಕಂಬ, ಉಪ್ಪಳ.
ಮೀನಿನ ಅಂಗಡಿಯ ಮಹಡಿಯಲ್ಲಿ ಸಫೂರಾರ ಕುರ್ಚಿ.
ಹೆಚ್ಚಿನ ಸಲ ಅಲ್ಲಿ ಏನೂ ಆಗುವುದಿಲ್ಲ.
ನೋಡುತ್ತಾರೆ, ಕೆರೆದು ತೊಳೆಯುತ್ತಾರೆ, ಹೋಗಿ ಬನ್ನಿ ಅನ್ನುತ್ತಾರೆ.
ಏನೂ ಆಗದೆ ಇರುವುದಕ್ಕೆಂದೇ
ಹದಿನೆಂಟು ರೂಪಾಯಿ ಟಿಕೆಟ್ಟು ಕೊಟ್ಟು ಹೋಗುತ್ತೇನೆ.

ನಿಧೀಶ ಈಗ ಮೂರನೇ ಕ್ಲಾಸು.
ಅವನ ದನ ನೆಲದ ಮೇಲೆ ಗಟ್ಟಿಯಾಗಿ ನಿಂತಿದೆ.
ಜೂನ್ ಬಂದರೆ ಜಗಲಿಯಲ್ಲಿ ಅಡ್ಡ ನಿಂತು,
ಕೈ ಹಿಂದೆ ಕಟ್ಟಿ, ನನ್ನದೇ ಸ್ವರದಲ್ಲಿ,
"ಹೋಗಿ ಬಂದ್ರಾ ಟೀಚರ್? ಎಲ್ಲಿ, ಆ ಮಾಡಿ."

ಆ ಮಾಡುತ್ತೇನೆ.