ಹನ್ನೆರಡು ದಾಟಿ ಏಳು

ಹೆದ್ದಾರಿಯಲ್ಲಿ ಹೋಗುವವರಿಗೆ ನಮ್ಮ ಲೋರಿಂಗ್
ಒಂದು ಸೀನು ಬಂದು ಹೋಗುವಷ್ಟು ಊರು.
ಜೋಳ ತುಂಬುವ ಗೋಪುರ, ನೀರಿನ ಟ್ಯಾಂಕು,
ಎರಡು ಚರ್ಚಿಗೆ ಸೇರಿ ಮುಕ್ಕಾಲು ಪಾದ್ರಿ.
ಬ್ಯಾಂಕು ಮುಚ್ಚಿ ಹದಿನಾಲ್ಕು ವರ್ಷ. ಅದರ ತಿಜೋರಿಯಲ್ಲಿ
ಲವೊನ್ ತನ್ನ ಕೌದಿಯ ಬಟ್ಟೆಚೂರು ಇಡುತ್ತಾಳೆ,
ಬೀಗ ಹಾಕುವುದಿಲ್ಲ.
ಎದುರಿಗೆ ನನ್ನ ಹೋಟೆಲು. ಆರು ಮೇಜು,
ಒಂದರ ಕಾಲಿನಡಿ ಮಡಚಿದ ಬೀಜದ ಕಂಪನಿಯ ಕ್ಯಾಲೆಂಡರು.

ಹನ್ನೆರಡಕ್ಕೆ ಸೈರನ್ನು.
ಬೆಂಕಿಗಲ್ಲ, ಸುಂಟರಗಾಳಿಗಲ್ಲ, ಊಟಕ್ಕೆ.
ಅದು ಕೂಗಿದರೆ ಟ್ರ್ಯಾಕ್ಟರು ನಿಲ್ಲುತ್ತದೆ,
ಅಂಚೆ ಕಚೇರಿಯ ಕಿಟಕಿ ಇಳಿಯುತ್ತದೆ,
ಡ್ವೇನನ ನಾಯಿ ಮೂತಿ ಎತ್ತಿ ತಾನೂ ದನಿಗೂಡಿಸುತ್ತದೆ.
ಗುಂಡಿ ಒತ್ತುವವನು ವರ್ಲಿನ್. ಮೂವತ್ತೊಂದು ವರ್ಷದಿಂದ.
ಸಂಬಳವಿಲ್ಲ. ಅಗ್ನಿಶಾಮಕ ದಳದ ಪ್ಯಾನ್‌ಕೇಕ್ ಊಟದ ದಿನ
ವರ್ಷಕ್ಕೊಮ್ಮೆ ಚಪ್ಪಾಳೆ,
ಅದೂ ಕೈಯಲ್ಲಿ ಫೋರ್ಕು ಇಲ್ಲದವರದು.

ಮಾರ್ಚಿಯಲ್ಲಿ ಅವನ ಹೆಂಡತಿ ಆರ್ಲಿಸ್ ತೀರಿಕೊಂಡಳು.
ಮಣ್ಣು ಮಾಡಿದ ಮರುದಿನ
ಸೈರನ್ನು ಕೂಗಿದ್ದು ಹನ್ನೆರಡು ದಾಟಿ ಏಳಕ್ಕೆ.
ಊರಿಗೆ ಊರೇ ಗಡಿಯಾರ ನೋಡಿತು,
ಮೊದಲು ಗಡಿಯಾರವನ್ನೇ ಅನುಮಾನಿಸಿತು.
ಮರುದಿನವೂ ಏಳು. ಅದರ ಮರುದಿನವೂ.
ಆರಲ್ಲ, ಎಂಟಲ್ಲ.

ನಾವು ಅಷ್ಟೇನೂ ಒಳ್ಳೆಯವರಲ್ಲ.
ಗಡಿಗೆಯ ಬಾಯಿ ಮುಚ್ಚಬಹುದು, ಲೋರಿಂಗ್‌ನ ಬಾಯಿ ಮುಚ್ಚಲಾದೀತೆ?
ಯಾರ ಟ್ರಕ್ಕು ಯಾರ ಮನೆ ಮುಂದೆ
ಬೆಳಗಿನ ಹಿಮ ಹೊತ್ತು ನಿಂತಿತ್ತೆಂದು
ಕಾಫಿ ಕುದಿಯುವ ಮೊದಲೇ ನನಗೆ ಗೊತ್ತಿರುತ್ತದೆ.
ಕುಡಿಯಬೇಕಾದವರು ಬಾಟಲಿಗಾಗಿ ಪಕ್ಕದೂರಿಗೆ ಹೋಗುತ್ತಾರೆ,
ಅಲ್ಲಿ ಒಬ್ಬರನ್ನೊಬ್ಬರು ಕಂಡು ಹವಾಮಾನ ಮಾತಾಡುತ್ತಾರೆ.
ಸ್ಕೋಗನ್ ಅಣ್ಣತಮ್ಮಂದಿರು ಒಂದು ಬೇಲಿಗಾಗಿ
ಹತ್ತೊಂಬತ್ತು ವರ್ಷದಿಂದ ಮಾತು ಬಿಟ್ಟಿದ್ದಾರೆ,
ಮಾತು ಬಿಟ್ಟುಕೊಂಡೇ ಒಂದೇ ಮೇಜಲ್ಲಿ ಉಣ್ಣುತ್ತಾರೆ,
ಉಪ್ಪು ಬೇಕಾದರೆ ನನ್ನನ್ನು ಕೇಳುತ್ತಾರೆ.

ಆದರೆ ಇದೊಂದನ್ನು ಯಾರೂ ಅವನ ಮುಂದೆ ಎತ್ತಲಿಲ್ಲ.
ಬೆನ್ನ ಹಿಂದೆ, ಎತ್ತದೆ ಇರುತ್ತೇವೆಯೇ?
ಅವಳ ಉಸಿರು ನಿಂತ ಗಳಿಗೆ ಅದು, ಅಂದಳು ಲವೊನ್.
ನಡುರಾತ್ರಿ ಹೋದಳಲ್ಲ, ಅಂದಳು ದಾದಿ.
ಮೆಟ್ಟಿಲು, ಮಂಡಿನೋವು, ಅಂದ ಡ್ವೇನ್.
ಏಪ್ರಿಲಿನ ಸಭೆಯಲ್ಲಿ ಹೊಸ ಹುಡುಗನೊಬ್ಬ
ಮುನ್ನೂರು ಡಾಲರಿಗೆ ತಾನಾಗಿ ಕೂಗುವ ಯಂತ್ರ ಬರುತ್ತದೆ ಅಂದ.
ಐದು ಜನ ಸದಸ್ಯರು ತಮ್ಮ ತಮ್ಮ ಟೋಪಿ ನೋಡಿಕೊಂಡರು.
ಮುಂದಿನ ವಿಷಯ ಮೋರಿ, ಅಂದ ಡ್ವೇನ್.
ಮೋರಿಯ ಬಗ್ಗೆ ಎರಡು ಗಂಟೆ ಮಾತಾಡಿದೆವು.

ಆಮೇಲೆ ನಾನೇ ಒಂದು ರಾತ್ರಿ ಕುರ್ಚಿ ಹತ್ತಿ
ಹೋಟೆಲಿನ ಗಡಿಯಾರವನ್ನು ಏಳು ನಿಮಿಷ ಹಿಂದಕ್ಕೆ ತಿರುಗಿಸಿದೆ.
ಅಂಚೆ ಕಚೇರಿಯಲ್ಲೂ ಹಾಗೇ ಆಗಿತ್ತು, ಗ್ಯಾರೇಜಿನಲ್ಲೂ,
ನಾವ್ಯಾರೂ ಮಾತಾಡಿಕೊಂಡಿರಲಿಲ್ಲ.
ಹಂದಿ ಫಾರ್ಮಿನಲ್ಲಿ ರಾತ್ರಿಪಾಳಿ ಮಾಡುವ ಯೆಸೇನಿಯಾ
ಬಂದು ಮೂರು ವರ್ಷವಾದರೂ ಯಾರೂ ಮನೆಗೆ ಕರೆಯದವಳು,
ಅವಳೂ ತನ್ನ ಒಲೆಯ ಗಡಿಯಾರ ತಿರುಗಿಸಿದಳಂತೆ.
ಮಗ ಶಾಲೆಯ ಬಸ್ಸು ತಪ್ಪಿಸಿಕೊಂಡ.
ಬಸ್ಸು ಬೇರೆ ಊರಿನದು, ಅದಕ್ಕೇನು ಗೊತ್ತು.
ಲವೊನ್ ಇಪ್ಪತ್ತೆರಡು ಮೈಲಿ ಅವನನ್ನು ಕಾರಿನಲ್ಲಿ ಬಿಟ್ಟುಬಂದಳು.

ಜೂನ್ ತಿಂಗಳಲ್ಲಿ ಒಂದು ಮಂಗಳವಾರ
ಗುಂಡಿ ಒತ್ತಿ, ಬೀಗ ಹಾಕಿ, ವರ್ಲಿನ್ ಸೀದಾ ಬಂದ.
ಆರ್ಲಿಸ್ ಹೋದಮೇಲೆ ಬಂದದ್ದು ಅದೇ ಮೊದಲು.
ಬಟಾಣಿ ಸೂಪು ಬಡಿಸಿದೆ. ಊದಿ ಊದಿ ಕುಡಿದ.
ತಲೆ ಎತ್ತಿ ಗೋಡೆ ನೋಡಿದ,
ತೋಳು ಸರಿಸಿ ಕೈಗಡಿಯಾರ ನೋಡಿದ,
ಮತ್ತೆ ಗೋಡೆ.
ಸ್ಕೋಗನ್ ಅಣ್ಣ ಅಗಿಯುವುದನ್ನು ನಿಲ್ಲಿಸಿದ. ತಮ್ಮನೂ.

“ಏಳು ನಿಮಿಷ ಹಿಂದಿದೆ ನಿನ್ನದು,” ಅಂದ ವರ್ಲಿನ್.
“ಸೆಲ್ಲು ಹೋಗಿರಬೇಕು. ಹಾಕಿಸು.”

ಹಾಕಿಸ್ತೀನಿ, ಅಂದೆ.
ಇನ್ನೊಂದು ಸೌಟು ಹಾಕಿದೆ.
ಬೇಡ ಅನ್ನಲಿಲ್ಲ.