ಬಿಡಿಭಾಗ

ಬೈಕಂಪಾಡಿಯ ಹಮ್ಮಬ್ಬಾಕನ ಗುಜರಿ ಅಂಗಳದಲ್ಲಿ
ಮಣ್ಣು ಮಣ್ಣಿನಂತೆ ಉದುರುವುದಿಲ್ಲ,
ಹಲ್ವದ ಹಾಗೆ ಅಂಟಿಕೊಂಡು ಬರುತ್ತದೆ ಕೊಳವೆಯಲ್ಲಿ.
ಮೊಳದುದ್ದದ ಆ ಕಪ್ಪನ್ನು ಹಲಗೆಯ ಮೇಲೆ ಮಲಗಿಸಿದೆ.
ಅವರು ಬೀಡಿ ದೂರ ಹಿಡಿದು ಬಾಗಿ ಮೂಸಿದರು:
"ಇದು ಗೇರ್ ಆಯಿಲ್. ಇದು ಬ್ರೇಕಿನದ್ದು.
ಇಲ್ಲಿ ನೋಡಿ ಟೀಚರೇ, ಒಂದು ನೆರೆಗೆ
ಹೊಯಿಗೆ ಬಂದು ಕೂತದ್ದು. ಅದರ ಕೆಳಗೆ
ನಾನು ಒಡೆದ ಮೊದಲ ಲಾರಿ."

ನಾನು ಟೀಚರಲ್ಲ. ಕೊಣಾಜೆಯ ಲ್ಯಾಬಿನಲ್ಲಿ ಗಾಜು ತೊಳೆಯುತ್ತ
ಹನ್ನೊಂದು ವರ್ಷಕ್ಕೆ ಸೂಕ್ಷ್ಮದರ್ಶಕದವರೆಗೆ ಬಂದವಳು.
ಆದರೂ ಹೇಳಿದೆ: ಈ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ
ನಿಮ್ಮ ಕಾಲಡಿಯಲ್ಲೇ ಇವೆ.
ಅವನ್ನು ಹಿಡಿದು ಒಡೆಯುವ ವೈರಸ್ಸೂ ಇದೆ.

"ವೈರಸ್ಸಾ? ಕೊರೋನಾ ಸಾಲಲಿಲ್ಲವಾ ಮಾರಾಯ್ತಿ?
ನನ್ನ ತಮ್ಮನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಟ್ಟರು,
ಮುಖ ಸಹ ತೋರಿಸದೆ."
ಕ್ರೇನಿನ ಕೊಕ್ಕೆ ಗಾಳಿಗೆ ಗಿರ್ರೆಂದಿತು.
ನಾನು ಕೊಳವೆಯ ಮುಚ್ಚಳ ಬಿಗಿಮಾಡಿದೆ,
ಬಿಗಿಯಾಗಿಯೇ ಇದ್ದದ್ದನ್ನು.

ಇವು ಮನುಷ್ಯರ ಗೊಡವೆಗೆ ಬರುವುದಿಲ್ಲ, ಎಂದೆ ಆಮೇಲೆ.
ಕೆಲವು ಚಾಲಗೇಣಿಯವು:
ಬಂದವು, ಕೊಯ್ದವು, ಗೋಡೆ ಒಡೆದು ಹೊರಟವು.
ಕೆಲವು ಮೂಲಗೇಣಿ:
ಮನೆಯವರ ವಂಶದ ಪಟ್ಟಿಯಲ್ಲೇ ಹೆಸರು ಬರೆಸಿ
ತಲೆಮಾರುಗಟ್ಟಲೆ ಸುಮ್ಮನೆ ಕೂರುತ್ತವೆ,
ವಿಷ ನೆತ್ತಿಗೇರಿದ ದಿನ ಎದ್ದು
ಆ ಮನೆಯನ್ನೇ ಕೆಡವುವವರೆಗೆ.
ಒಡೆದದ್ದರ ಹೊಟ್ಟೆಯಲ್ಲಿದ್ದದ್ದು ಉಳಿದವಕ್ಕೆ ಊಟ,
ರಂಜಕ, ಸಾರಜನಕ.
ಬರೀ ಎಣ್ಣೆ ತಿಂದು ಯಾರು ಬದುಕಿದ್ದಾರೆ?
ಹೊರಡುವ ಅವಸರದಲ್ಲಿ, ಯಾವಾಗಲೋ ಒಮ್ಮೆ,
ತನ್ನದಲ್ಲದ ಒಂದು ತುಂಡು ಗಂಟಿಗೆ ಸೇರಿಬಿಡುತ್ತದೆ:
ಎಣ್ಣೆಯ ಸರಪಳಿ ಕತ್ತರಿಸುವ ವಿದ್ಯೆ.
ಅದನ್ನು ಹೊತ್ತೇ ಮುಂದಿನ ಮನೆಗೆ ನುಗ್ಗುತ್ತದೆ.

ಅವರು ಮಾತಾಡಲಿಲ್ಲ. ರಾಶಿಯ ಕಡೆ ನೋಡಿದರು,
ಬಾಗಿಲಿಲ್ಲದ ಟೆಂಪೊ, ಕಣ್ಣು ಕಿತ್ತ ಬಸ್ಸು,
ಮೂಡುಬಿದಿರೆಯ ದಾರಿಯಲ್ಲಿ ಮಗುಚಿದ್ದ ಹಾಲಿನ ವ್ಯಾನು.
"ಹಾಗಾದರೆ ಅದು ನಮ್ಮ ಕಸುಬಿನದ್ದೇ," ಎಂದರು.
"ನಾನು ಒಡೆದ ಗಾಡಿಯ ಗೇರ್‌ಬಾಕ್ಸು ಈಗಲೂ
ಚಾರ್ಮಾಡಿ ಹತ್ತುತ್ತಾ ಉಂಟು, ಬೇರೆ ಲಾರಿಯ ಹೊಟ್ಟೆಯಲ್ಲಿ.
ಜನ ಮಾತ್ರ ಒಡೆಯುವವ ಅಂತಲೇ ಕರೆಯುವುದು."

ಮೂರು ವಾರದ ಮೇಲೆ ಮೊಬೈಲಿನಲ್ಲಿ ತಟ್ಟೆಯ ಚಿತ್ರ ತೋರಿಸಿದೆ:
ಬ್ಯಾಕ್ಟೀರಿಯಾದ ಮಸುಕು ಹಾಸು,
ಅದರ ತುಂಬ ಗುಂಡನೆಯ ತಿಳಿ ತೂತು.
"ನೀರುದೋಸೆ!" ನಕ್ಕರು.
"ನನ್ನ ಹೆಂಡತಿಯದ್ದು ಇದಕ್ಕಿಂತ ತೆಳು."
ಒಂದೊಂದು ತೂತೂ ಒಂದೊಂದು ಊರು ಅಳಿದ ಜಾಗ
ಎಂದು ನಾನು ಹೇಳಲಿಲ್ಲ.

ವರದಿಯಲ್ಲಿ ಬರೆದದ್ದು ಇಷ್ಟು:
ಎಣ್ಣೆಯ ಅಂಶ ಅಲ್ಪ ಇಳಿಕೆ. ಕಾರಣ ಖಚಿತವಿಲ್ಲ.
ಇನ್ನಷ್ಟು ಮಾದರಿ ಬೇಕು.
ಯಾರು ತಿಂದರು, ತಿಂದವರನ್ನು ಯಾರು ಒಡೆದರು,
ಯಾರ ಗಂಟು ಯಾರ ಮನೆ ಸೇರಿತು,
ಅದಕ್ಕೆಲ್ಲ ಕೋಷ್ಟಕದಲ್ಲಿ ಜಾಗವಿರಲಿಲ್ಲ.

ಕೊನೆಯ ಸಲ ಹೋದಾಗ
ನಾನು ಅಗೆದಿದ್ದ ಮೂಲೆಗೆ ಹಳೆ ಟಯರುಗಳ ಬೇಲಿ.
ಒಳಗೆ ಹುಲ್ಲಿಲ್ಲ, ಇರುವೆಯೂ ಇಲ್ಲ,
ಅದೇ ಕಪ್ಪು ಮಣ್ಣು, ಮಧ್ಯಾಹ್ನದ ಬಿಸಿಲು.
ಆಯಿಲ್ ಡಬ್ಬಿ ಹಿಡಿದು ಅಡ್ಡ ಹಾಯುತ್ತಿದ್ದ ಹುಡುಗನಿಗೆ
ಹಮ್ಮಬ್ಬಾಕ ಗದರಿದರು:
"ಏ, ಸುತ್ತು ಹಾಕಿ ಹೋಗು.
ಅಲ್ಲಿ ಕೆಲಸ ನಡೀತಾ ಉಂಟು."